ಮೊದಲ ಲೋಕಸಭೆಯ ಪ್ರಬಂಧಕ್ಕೆ ಯಾವ ಪಕ್ಷ?

ಕಾಸರಗೋಡಿನ ಪದವಿ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: 1952ರ ಲೋಕಸಭೆಯ ವಿರೋಧ ಪಕ್ಷಗಳಲ್ಲಿ ಕಮ್ಯುನಿಸ್ಟರನ್ನು ಆರಿಸಿಕೊಳ್ಳಲೇ, ಸಮಾಜವಾದಿಗಳನ್ನೇ, ಜನಸಂಘವನ್ನೇ?

ಊರಿನ ನಂಟು ಬೇಕಿದ್ದರೆ ಕಮ್ಯುನಿಸ್ಟರು. ಎ.ಕೆ. ಗೋಪಾಲನ್ ಆಗ ಕಣ್ಣೂರಿನಿಂದ ಗೆದ್ದವರು, 1957ರಿಂದ ನಮ್ಮ ಕಾಸರಗೋಡಿನ ಸಂಸದರು. 1950ರಲ್ಲಿ ತಮ್ಮ ಮುನ್ನೆಚ್ಚರಿಕೆ ಬಂಧನವನ್ನು, ಅಂದರೆ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಿದ್ದನ್ನು, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಮನುಷ್ಯ ಎರಡೇ ವರ್ಷದಲ್ಲಿ ಸಂಸತ್ತಿನಲ್ಲಿ ಕುಳಿತರಲ್ಲ, ಆ ತಿರುವೊಂದೇ ಒಂದು ಅಧ್ಯಾಯಕ್ಕೆ ಸಾಕು! ಕಾಂಗ್ರೆಸ್ಸಿನ 364ರ ಎದುರು ಇವರದು 16 ಸ್ಥಾನ. ವಿರೋಧ ಪಕ್ಷದ ನಾಯಕನೆಂಬ ಅಧಿಕೃತ ಮಾನ್ಯತೆ ಯಾರಿಗೂ ಇರಲಿಲ್ಲ.

ಪಕ್ಷಗಳು ಒಡೆಯುವುದು, ಕೂಡುವುದು ನಿನ್ನ ಆಸಕ್ತಿಯಾದರೆ ಸಮಾಜವಾದಿಗಳೇ ಸರಿ. 12 ಸ್ಥಾನ ಗೆದ್ದ ಪಕ್ಷ ಅದೇ ವರ್ಷ ಜೆ.ಬಿ. ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಂದಿಗೆ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. ಆದರೆ ಓದುವುದು ಜಾಸ್ತಿ.

ಸಮಯ ಕಡಿಮೆಯೇ? ಜನಸಂಘ ನೋಡು. ಮೂರೇ ಸ್ಥಾನ, ಅದರ ಸ್ಥಾಪಕ ಶ್ಯಾಮಪ್ರಸಾದ್ ಮುಖರ್ಜಿ ಸಣ್ಣ ಪಕ್ಷಗಳನ್ನೂ ಪಕ್ಷೇತರರನ್ನೂ ಒಟ್ಟುಗೂಡಿಸಿದ ರೀತಿ ಮುಖ್ಯ. 1953ರ ಜೂನ್‌ನಲ್ಲಿ ಅವರು ತೀರಿಕೊಂಡರು, ಹಾಗಾಗಿ ಅವಧಿ ಚಿಕ್ಕದು.

ಯಾವುದನ್ನೇ ಹಿಡಿದರೂ ಸದನದ ಚರ್ಚೆಗಳನ್ನು ನೇರವಾಗಿ ಓದಮ್ಮ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ.