ಹೊಸ ಉಪ್ಪುನೀರಲ್ಲಿ ಕೆಎಚ್ ಕಮ್ಮಿ: ಅಡುಗೆ ಸೋಡಾನಾ, ಸೋಡಾ ಆ್ಯಶಾ, ಸುಣ್ಣದ ತಿಳಿಯಾ?

ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಟ್ಟವರಿಗೆ ಈ ತಲೆನೋವು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನೀರು ಬದಲಿಸಲು ಡ್ರಮ್ಮಿನಲ್ಲಿ ಉಪ್ಪುನೀರು ಕಲಸಿರುತ್ತೀರಿ. ಸುಮ್ನೆ ನೋಡೋಣ ಅಂತ ಕೆಎಚ್ (ಹವಳ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಮಟ್ಟ) ಟೆಸ್ಟ್ ಮಾಡಿದರೆ 6.7 ಡಿಗ್ರಿ, ಅಂದರೆ 6.7 ಡಿಕೆಎಚ್ ಬರುತ್ತದೆ. ಉಪ್ಪಿನ ಬಕೆಟ್ ಮೇಲೆ 8 ಅಂತ ಇದೆ. ಟ್ಯಾಂಕ್ ಇರುವುದು 8.4ರಲ್ಲಿ. ಸೋಡಾ ಹಾಕಬೇಕಾ, ಉಪ್ಪು ಬದಲಿಸಬೇಕಾ, ಇಲ್ಲ ಹಾಗೇ ಸುರಿದುಬಿಡಬೇಕಾ? ಬೆಂಗಳೂರಿನ ನಮ್ಮ ಮನೆಯ 200 ಲೀಟರ್ ಟ್ಯಾಂಕಿಗೆ ನಾನು ಈ ದಾರಿಗಳನ್ನೆಲ್ಲ ಮಾಡಿ ನೋಡಿದ್ದೇನೆ. ಯಾವುದು ಎಲ್ಲಿಗೆ ಸರಿ ಅನ್ನುವುದನ್ನು ಹೇಳುತ್ತೇನೆ.

ಅದಕ್ಕೂ ಮೊದಲು, ಕೆಎಚ್ ನಿಜವಾಗಿಯೂ ಕಮ್ಮಿ ಇದೆಯಾ ನೋಡಿ. ಹೆಚ್ಚಿನ ಸಲ ತಪ್ಪು ಉಪ್ಪಿನ ಪ್ರಮಾಣದಲ್ಲೇ ಇರುತ್ತದೆ. 35 ಪಿಪಿಟಿಯಲ್ಲಿ (ಸಾವಿರ ಪಾಲಿಗೆ 35 ಪಾಲು ಉಪ್ಪು) 8 ಕೊಡುವ ಉಪ್ಪು 32ರಲ್ಲಿ 7.3 ಅಷ್ಟೇ ಕೊಡುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಲ್ಲಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿ ದ್ರಾವಣದಲ್ಲಿ ಸರಿ ಮಾಡಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅದೇ ಲೆಕ್ಕದಲ್ಲಿ ಇಳಿದಿದ್ದರೆ ಸೋಡಾ ಬೇಡ, ಇನ್ನಷ್ಟು ಉಪ್ಪು ಹಾಕಿ. ಕ್ಯಾಲ್ಸಿಯಂ ಸರಿಯಾಗಿದ್ದು ಕೆಎಚ್ ಮಾತ್ರ ಬಿದ್ದಿದ್ದರೆ, ಅದು ಸುಣ್ಣದಕಲ್ಲಾಗಿ ತಳ ಸೇರಿರುವ ಸಾಧ್ಯತೆ ಜಾಸ್ತಿ. ಹಾಗೆ 1 ಡಿಕೆಎಚ್ ಹೋದರೆ ಅದರ ಜೊತೆ ಕ್ಯಾಲ್ಸಿಯಂ ಹೋಗುವುದು ಬರೀ 7 ಪಿಪಿಎಂ. ಅದು ಯಾವ ಕಿಟ್ಟಿಗೂ ಸರಿಯಾಗಿ ಕಾಣುವುದಿಲ್ಲ.

ಇಂಥ ನಷ್ಟ ಆಗುವುದು ಹೇಗೆ? ಉಪ್ಪಿನ ಮೇಲೆ ನೀರು ಸುರಿದಾಗ, ಹೀಟರ್ ಹಾಕಿ ದಿನಗಟ್ಟಲೆ ಪಂಪ್ ಓಡಿಸಿದಾಗ, ಮಳೆಗಾಲದಲ್ಲಿ ಬಕೆಟ್ ಮುಚ್ಚಳ ಸಡಿಲ ಬಿಟ್ಟು ಉಪ್ಪು ಗಟ್ಟಿಯಾದಾಗ. ಹೀಟರಿನ ಗಾಜನ್ನು ಉಗುರಲ್ಲಿ ಕೆರೆದು ನೋಡಿ. ಬಿಳಿ ಪುಡಿ ಎದ್ದು ಬಂದರೆ, ನೀವು ಹುಡುಕುತ್ತಿರುವ ಕೆಎಚ್ ಅದೇ. ಸಾಗಣೆಯಲ್ಲಿ ಬಕೆಟ್ ಅಲ್ಲಾಡಿ ಪುಡಿಗಳು ಬೇರೆಬೇರೆಯಾಗುವುದೂ ಉಂಟು. ಅದಕ್ಕೇ ನಾನು ಹೊಸ ಬಕೆಟ್ಟನ್ನು ನೆಲದ ಮೇಲೆ ಚೆನ್ನಾಗಿ ಉರುಳಿಸಿಯೇ ಮುಚ್ಚಳ ತೆಗೆಯುತ್ತೇನೆ.

ಇಷ್ಟೆಲ್ಲ ನೋಡಿದ ಮೇಲೂ 6.7 ಬಂದರೆ ಮೊದಲ ದಾರಿ, ಏನೂ ಮಾಡದೆ ಇರುವುದು. ತಮಾಷೆ ಅಲ್ಲ. ಸಹಜ ಸಮುದ್ರದ ನೀರಿನ ಕೆಎಚ್ಚೇ ಸುಮಾರು 7. ಮಂಗಳೂರು ಕಡೆಯವರು ಕಡಲಿಂದ ತಂದ ನೀರನ್ನು ಟೆಸ್ಟ್ ಮಾಡಿದರೂ ಬರುವುದು ಅದರ ಆಸುಪಾಸೇ. 6.7 ಅಂದರೆ ವಿಷವಲ್ಲ. ಹವಳಕ್ಕೆ ಆಗದಿರುವುದು ದಿಢೀರ್ ಏರಿಳಿತ. ಈಗ ಲೆಕ್ಕ ಹಾಕಿ. 200 ಲೀಟರಿನಲ್ಲಿ 20 ಲೀಟರ್ ಬದಲಿಸಿದರೆ ಟ್ಯಾಂಕ್ 8.4ರಿಂದ 8.23ಕ್ಕೆ ಇಳಿಯುತ್ತದೆ. 0.17 ವ್ಯತ್ಯಾಸ ಸ್ಯಾಲಿಫರ್ಟ್ ಕಿಟ್ಟಿಗೆ ಗೊತ್ತೇ ಆಗುವುದಿಲ್ಲ. ಹ್ಯಾನಾ ಚೆಕರಿಗೂ ಅದು ಅಳತೆಯ ತಪ್ಪಿನೊಳಗಿನ ಮಾತು. ಹೇಗೂ ಟ್ಯಾಂಕಿಗೆ ದಿನಾ ಡೋಸಿಂಗ್ (ಹವಳ ಬಳಸಿದ ಕೆಎಚ್ ಮತ್ತೆ ತುಂಬುವುದು) ಇದ್ದೇ ಇರುತ್ತದೆ, ಅಲ್ಲೇ ಅಷ್ಟು ಸೇರಿಸಿದರೆ ಆಯಿತು. ವಾರಕ್ಕೆ ಹತ್ತು ಪರ್ಸೆಂಟ್ ಬದಲಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೂವತ್ತು, ನಲವತ್ತು ಪರ್ಸೆಂಟ್ ಬದಲಿಸುವಾಗ, ಇಲ್ಲವೇ ಹೊಸ ಟ್ಯಾಂಕ್ ತುಂಬಿಸುವಾಗ ಮಾತು ಬೇರೆ. ಆಗ ಡ್ರಮ್ಮಿನಲ್ಲೇ ಸರಿ ಮಾಡಬೇಕು. ಅಲ್ಲಿ ನನ್ನ ಆಯ್ಕೆ ಅಡುಗೆ ಸೋಡಾ.

ಲೆಕ್ಕ ಸುಲಭ. 100 ಲೀಟರ್ ನೀರಿನ ಕೆಎಚ್ 1 ಡಿಗ್ರಿ ಏರಬೇಕಾದರೆ 3 ಗ್ರಾಂ ಸೋಡಾ. ನನ್ನ ಡ್ರಮ್ಮಿನಲ್ಲಿರುವುದು 60 ಲೀಟರ್. 6.7ರಿಂದ 8.4ಕ್ಕೆ ತರಲು 1.7 ಬೇಕು. ಗುಣಿಸಿದರೆ 3 ಗ್ರಾಂ ಚಿಲ್ಲರೆ. ಚಮಚದ ಅಳತೆ ನಂಬಬೇಡಿ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಆನ್‌ಲೈನಲ್ಲಿ ಅಗ್ಗಕ್ಕೇ ಸಿಗುತ್ತದೆ. ತೂಗಿದ ಸೋಡಾವನ್ನು ಒಂದು ಲೋಟ ಆರ್‌ಒ ನೀರಲ್ಲಿ ಪೂರ್ತಿ ಕರಗಿಸಿ. ಬೇಗ ಕರಗಲಿ ಅಂತ ಕುದಿಯುವ ನೀರು ಹಾಕಬೇಡಿ. ಬಿಸಿಗೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಅದು ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಕಡೆಗೆ ತಿರುಗುತ್ತದೆ. ಲೋಟದ ತಳದಲ್ಲಿ ಕಾಳು ಉಳಿಯದ ಮೇಲೆ, ಪವರ್‌ಹೆಡ್ಡಿನ (ನೀರು ತಿರುಗಿಸುವ ಪುಟ್ಟ ಪಂಪು) ನೀರು ರಭಸವಾಗಿ ಬರುವ ಕಡೆ ನಿಧಾನಕ್ಕೆ ಸುರಿಯಿರಿ. ನೀರು ಕಲಕುವುದಿಲ್ಲ, ಬಿಳಿ ಮೋಡ ಏಳುವುದಿಲ್ಲ. ಪಿಎಚ್ ಒಂದಿಷ್ಟು ಇಳಿಯುತ್ತದೆ, ರಾತ್ರಿಯಿಡೀ ಪಂಪ್ ಓಡಿದರೆ ತಾನೇ ಸರಿಹೋಗುತ್ತದೆ.

ದಿನಸಿ ಅಂಗಡಿಯ ಸೋಡಾ ಸಾಕು. ಆದರೆ ಬೇಕಿಂಗ್ ಪೌಡರ್ ತರಬೇಡಿ. ಅದರಲ್ಲಿ ಆಮ್ಲವೂ ಪಿಷ್ಟವೂ ಸೇರಿರುತ್ತದೆ. ಹೊಟ್ಟೆಯುಬ್ಬರಕ್ಕೆ ಕುಡಿಯುವ ಪುಡಿಯಂತೂ ಬೇಡವೇ ಬೇಡ.

ಸೋಡಾ ಆ್ಯಶ್ ಇದರ ದಾಯಾದಿ. ಮನೆಯಲ್ಲೇ ಮಾಡಿಕೊಳ್ಳಬಹುದು. ಅಡುಗೆ ಸೋಡಾವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಟ್ಟರೆ 100 ಗ್ರಾಂ ಇದ್ದದ್ದು 63 ಗ್ರಾಂ ಆಗುತ್ತದೆ. ತೂಕ ಅಲ್ಲಿಗೆ ಬಂತು ಅಂದರೆ ಕೆಲಸ ಆಯಿತು. 100 ಲೀಟರಿಗೆ 1 ಡಿಗ್ರಿ ಏರಿಸಲು 1.9 ಗ್ರಾಂ ಸಾಕು. ಬಟ್ಟೆ ಒಗೆಯುವ ಸೋಡಾ ತಂದು ಹಾಕುವ ಆಸೆ ಬೇಡ. ಅದು ಹರಳಿನ ರೂಪದಲ್ಲಿದ್ದರೆ ತೂಕದ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಲೆಕ್ಕ ಹಳ್ಳ ಹಿಡಿಯುತ್ತದೆ. ಜೊತೆಗೆ ಸುವಾಸನೆ, ಬಣ್ಣ ಏನೇನು ಸೇರಿಸಿರುತ್ತಾರೋ.

ಸೋಡಾ ಆ್ಯಶ್ ಪಿಎಚ್ ಏರಿಸುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯ ಟ್ಯಾಂಕಿನಲ್ಲಿ ಪಿಎಚ್ 7.9ರಲ್ಲೇ ಒದ್ದಾಡುತ್ತಿದ್ದರೆ ಅದು ವರ. ನನ್ನ ಡೋಸಿಂಗ್ ಪಂಪಿನ ಬಾಟಲಿಯಲ್ಲಿರುವುದೂ ಅದೇ. ಆದರೆ ಹೊಸ ಉಪ್ಪುನೀರಿನ ಡ್ರಮ್ಮಿಗೆ ಸರಿಹೋಗುವುದಿಲ್ಲ. ಅಲ್ಲಿ ಕ್ಯಾಲ್ಸಿಯಂ ಹೇಗೂ 430, 440ರಲ್ಲಿದೆ, ಪಿಎಚ್ ಕೂಡ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಅದರ ಮೇಲೆ ಸೋಡಾ ಆ್ಯಶ್ ಬಿದ್ದ ಜಾಗದಲ್ಲಿ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಏಳುತ್ತದೆ. ನಿಧಾನಕ್ಕೆ ಸುರಿದರೆ ಕರಗಿಹೋಗುತ್ತದೆ. ಅವಸರ ಮಾಡಿದರೆ ಒಂದು ಪಾಲು ತಳಕ್ಕೆ ಕೂರುತ್ತದೆ, ಏರಿಸಲು ಹೊರಟ ಕೆಎಚ್ ಅಲ್ಲೇ ಉಳಿಯುತ್ತದೆ. ಎರಡನ್ನೂ ಒಂದೇ ಗುರಿಗೆ ಅಳೆದು ಹಾಕಿ ನೋಡಿದಾಗ, ಮರುದಿನ ಅಡುಗೆ ಸೋಡಾದ ನೀರು ಲೆಕ್ಕಕ್ಕೆ ಹತ್ತಿರ ಬಂತು, ಆ್ಯಶ್‌ನದು ಸ್ವಲ್ಪ ಕೆಳಗೇ ನಿಂತಿತು.

ಸುಣ್ಣದ ತಿಳಿಯನ್ನು (ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗಿಸಿದ ತಿಳಿನೀರು) ಟ್ಯಾಂಕಿಗೆ ಕಣ್ಣು ಮುಚ್ಚಿ ಒಪ್ಪುತ್ತೇನೆ. ರಾತ್ರಿ ಹೊತ್ತು ಹನಿಹನಿಯಾಗಿ ಬಿಟ್ಟರೆ ಕ್ಯಾಲ್ಸಿಯಂ, ಕೆಎಚ್ ಎರಡೂ ಹವಳ ಬಳಸುವ ಪ್ರಮಾಣದಲ್ಲೇ ಸಿಗುತ್ತವೆ, ಪಿಎಚ್ ಕೂಡ ಏರುತ್ತದೆ. ಡ್ರಮ್ಮಿಗೆ ಮಾತ್ರ ಬೇಡ. ನನ್ನ 60 ಲೀಟರಿಗೆ 1.7 ಏರಿಸಲು ಸುಮಾರು 900 ಎಂಎಲ್ ತಿಳಿ ಬೇಕು. ಅಷ್ಟು ಹೋದರೆ ಪಿಎಚ್ 9ರ ಹತ್ತಿರಕ್ಕೆ ಜಿಗಿಯುತ್ತದೆ. ಅದನ್ನು ತಗ್ಗಿಸಲು ಅಲ್ಲಿ ಉಸಿರಾಡುವ ಮೀನೂ ಇಲ್ಲ, ಹವಳವೂ ಇಲ್ಲ. ಬೆಳಿಗ್ಗೆ ನೋಡಿದರೆ ಡ್ರಮ್ಮಿನ ಗೋಡೆಗೆ ಬಿಳಿ ಪುಡಿ ಹಿಡಿದಿತ್ತು, ಕೆಎಚ್ ಏರಿದ್ದು ಅಷ್ಟಕ್ಕಷ್ಟೆ. ಸೇರಿದ ಸಿಹಿನೀರಿಗೆ ಉಪ್ಪಿನಂಶವೂ ಅರ್ಧ ಪಿಪಿಟಿ ಇಳಿಯುತ್ತದೆ. ಎಲೆ ಅಡಿಕೆ ಸುಣ್ಣ ನಡೆಯುತ್ತಾ ಅಂತ ಕೇಳುವವರಿದ್ದಾರೆ. ವಸ್ತು ಅದೇ. ಆದರೆ ಡಬ್ಬಿಯಲ್ಲಿ ಬೇರೇನಿದೆ ಅಂತ ಯಾರೂ ಬರೆದಿರುವುದಿಲ್ಲ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ.

ಉಪ್ಪನ್ನೇ ಬದಲಿಸುವುದು ಇನ್ನೊಂದು ದಾರಿ. ರೆಡ್ ಸೀ ಕಂಪನಿಯದ್ದೇ ಎರಡು ಉಪ್ಪು ನೋಡಿ. ನೀಲಿ ಬಕೆಟ್ಟಿನದು ಸುಮಾರು 8, ಕೋರಲ್ ಪ್ರೋ ಸುಮಾರು 12. ಕೆಎಚ್ ಜಾಸ್ತಿ ಇರುವ ಉಪ್ಪೇ ಒಳ್ಳೆಯದು ಅಂತ ಅನಿಸುತ್ತದೆ, ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. 8.4ರ ಟ್ಯಾಂಕಿಗೆ 12ರ ನೀರು ನಲವತ್ತು ಪರ್ಸೆಂಟ್ ಹೋದರೆ ಒಂದೇ ಏಟಿಗೆ 1.4 ಏರುತ್ತದೆ. ನೈಟ್ರೇಟ್, ಫಾಸ್ಫೇಟ್ ತೀರಾ ಕಮ್ಮಿ ಇರುವ ಟ್ಯಾಂಕಿನಲ್ಲಿ ಅಕ್ರೊಪೊರಾ ಹವಳದ ತುದಿಗಳು ಸುಟ್ಟ ಹಾಗೆ ಬೆಳ್ಳಗಾಗುವುದು ಇಂಥ ಏರಿಕೆಗೇ. ಜಾಸ್ತಿ ಕೆಎಚ್ ಇರುವ ನೀರು ಕಲಸಿಟ್ಟರೆ ಹೆಚ್ಚು ದಿನ ಉಳಿಯುವುದೂ ಇಲ್ಲ, ಬೇಗ ತಳಕ್ಕೆ ಕೂರುತ್ತದೆ. ಕಮ್ಮಿ ಇದ್ದರೆ ಮೂರು ಗ್ರಾಂ ಸೋಡಾ ಸಾಕು. ಜಾಸ್ತಿ ಇದ್ದದ್ದನ್ನು ಇಳಿಸಲು ಆಮ್ಲ ಹಿಡಿಯಬೇಕು, ಆ ಉಸಾಬರಿ ಯಾರಿಗೆ ಬೇಕು? ಹವಳ ತುಂಬಿ, ದಿನಾ ಸಿಕ್ಕಾಪಟ್ಟೆ ಕೆಎಚ್ ತಿನ್ನುವ ಟ್ಯಾಂಕನ್ನು 11, 12ರಲ್ಲೇ ಓಡಿಸುವವರು ಕೋರಲ್ ಪ್ರೋ ತಗೊಳ್ಳಲಿ, ಅವರಿಗೆ ಸರಿ.

ಅಂಗಡಿಯಲ್ಲಿ ಬಫರ್ ಅಂತ ಮಾರುವ ಡಬ್ಬಿಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹೆಚ್ಚಿನವು ಇದೇ ಎರಡು ಸೋಡಾಗಳ ಮಿಶ್ರಣ. ಕೆಲವಕ್ಕೆ ಬೋರೇಟ್ ಸೇರಿಸಿರುತ್ತಾರೆ. ಅದು ಟೆಸ್ಟಿನಲ್ಲಿ ಕೆಎಚ್ ಆಗಿ ಕಾಣುತ್ತದೆ, ಹವಳಕ್ಕೆ ಅಸ್ಥಿ ಕಟ್ಟಲು ಬರುವುದಿಲ್ಲ. ಡಬ್ಬಿಯ ಮೇಲೆ ಆ ಹೆಸರಿದ್ದರೆ ನಾನು ವಾಪಸ್ ಇಡುತ್ತೇನೆ.

ಈಗ ದೊಡ್ಡ ಬದಲಾವಣೆ ಇದ್ದಾಗ ಹಿಂದಿನ ಸಂಜೆ ಹೀಟರ್ ಇಲ್ಲದೆ ಉಪ್ಪು ಕಲಸುತ್ತೇನೆ. ಉಪ್ಪು ಪೂರ್ತಿ ಕರಗಿದ ಮೇಲೆ ಕೆಎಚ್ ನೋಡಿ ಅಡುಗೆ ಸೋಡಾ ಹಾಕುತ್ತೇನೆ. ಬೆಳಿಗ್ಗೆ ಟ್ಯಾಂಕಿಗೆ ಬಳಸುವ ಅದೇ ಕಿಟ್ಟಿನಲ್ಲಿ ಡ್ರಮ್ಮನ್ನೂ ಇನ್ನೊಮ್ಮೆ ನೋಡುತ್ತೇನೆ. ಎರಡು ಕಂಪನಿಯ ಕಿಟ್‌ಗಳ ನಡುವೆ ಅರ್ಧ ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲಿ. ಹೀಟರ್ ಹಾಕುವುದು ಕೊನೆಗೆ, ನೀರು ಟ್ಯಾಂಕಿಗೆ ಹೋಗುವ ಒಂದೆರಡು ಗಂಟೆ ಮುಂಚೆ.