‘60 ದಿನದ ಮರಿ’ ಅಂತ 35 ದಿನದ್ದು ಕೊಡ್ತಾರೆ: ದುಡ್ಡು ಕೊಡುವ ಮೊದಲು ಬಾಯಿ ತೆರೆದು ನೋಡಿ

ನಾಯಿಮರಿ ತರುವ ಯೋಚನೆಯಲ್ಲಿದ್ದೀರಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಹಾಗಾದರೆ ಮುಂಗಡ ಕಳಿಸುವ ಮೊದಲು ಇದನ್ನು ಪೂರ್ತಿ ಓದಿ. ಇದು ಬೆಂಗಳೂರಿನ ಒಂದು ಕುಟುಂಬಕ್ಕೆ ಆದದ್ದು. ಮಾರಿದವರು ಯಾರು, ಕೊಂಡವರು ಯಾರು ಎನ್ನುವುದು ಇಲ್ಲಿ ಬೇಡ. ಯಾವ ಯಾವ ಹೆಜ್ಜೆಯಲ್ಲಿ ಎಡವಿದರು ಅನ್ನುವುದಷ್ಟೇ ಮುಖ್ಯ, ಯಾಕೆಂದರೆ ಅದೇ ಹೆಜ್ಜೆಗಳಲ್ಲಿ ಎಡವುವ ಮನೆಗಳು ಬಹಳ ಇವೆ.

ಫೋನಿನಲ್ಲಿ ಜಾಹೀರಾತು ನೋಡಿ ಲ್ಯಾಬ್ರಡಾರ್ ಮರಿಯೊಂದಕ್ಕೆ 9,000 ರೂಪಾಯಿಗೆ ಮಾತಾಯಿತು. ‘60 ದಿನ ಆಗಿದೆ ಸಾರ್, ಎರಡು ಇಂಜೆಕ್ಷನ್ ಆಗಿದೆ, ಜಂತಿನ ಔಷಧಿನೂ ಹಾಕಿದೀವಿ’ ಎಂದರು. ತಾಯಿ ನಾಯಿಯನ್ನು ನೋಡಲು ಮನೆಗೇ ಬರ್ತೀವಿ ಅಂದಾಗ, ‘ನಿಮಗ್ಯಾಕೆ ಅಷ್ಟು ದೂರ ತೊಂದ್ರೆ, ಪೆಟ್ರೋಲ್ ಬಂಕ್ ಹತ್ರ ನಾನೇ ತಂದ್ಕೊಡ್ತೀನಿ’ ಎಂಬ ಉತ್ತರ ಬಂತು. ಭಾನುವಾರ ಸಂಜೆ ಕಾರಿನ ಡಿಕ್ಕಿ ತೆರೆದರೆ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ನಾಲ್ಕು ಮರಿ. ಏಳು ವರ್ಷದ ಮಗಳು ಒಂದನ್ನು ಎತ್ತಿ ಎದೆಗೆ ಅವಚಿಕೊಂಡಳು. ಅಲ್ಲಿಗೆ ವ್ಯಾಪಾರ ಮುಗಿಯಿತು. ಮಗುವಿನ ಕೈಯಲ್ಲಿರುವ ಮರಿಯನ್ನು ಬಿಡಿಸಿ ‘ಬೇಡ’ ಅನ್ನುವುದು ಯಾವ ತಂದೆತಾಯಿಗೂ ಆಗದ ಮಾತು. ಆದ್ದರಿಂದ ಮರಿ ನೋಡಲು ಮೊದಲ ಸಲ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಬುಧವಾರ ಬೆಳಿಗ್ಗೆ ಮರಿ ಊಟ ಮುಟ್ಟಲಿಲ್ಲ. ಮಧ್ಯಾಹ್ನ ಹಳದಿ ನೊರೆ ನೊರೆಯಾಗಿ ವಾಂತಿ. ಮಾರಿದವರಿಗೆ ಫೋನ್ ಮಾಡಿದರೆ ‘ಹಾಲು ಹೊಂದಿಲ್ಲ, ಮೊಸರನ್ನ ಕೊಡಿ, ಸರಿ ಹೋಗತ್ತೆ’ ಎಂದರು. ಗುರುವಾರ ಬೆಳಗಾಗುವಷ್ಟರಲ್ಲಿ ಮೂಲೆಯಲ್ಲಿ ರಕ್ತ ಬೆರೆತ ನೀರುಭೇದಿ, ಮನೆಯಿಡೀ ಕೊಳೆತ ವಾಸನೆ. ಪಶುವೈದ್ಯರು ಕಿಟ್‌ನಲ್ಲಿ ಪರೀಕ್ಷೆ ಮಾಡಿದಾಗ ಬಂದದ್ದು ಪಾರ್ವೋ, ಅಂದರೆ ಮರಿಗಳ ಕರುಳಿಗೆ ತಗುಲಿ ಪ್ರಾಣವನ್ನೇ ತೆಗೆಯಬಲ್ಲ ವೈರಸ್ ರೋಗ. ಮರಿಯ ತುಟಿ ಎತ್ತಿ ನೋಡಿದವರು ಇನ್ನೊಂದು ಮಾತು ಹೇಳಿದರು: ಇದಕ್ಕೆ ಐದು ವಾರ ಮೀರಿಲ್ಲ.

ಆರು ದಿನ ಡ್ರಿಪ್ ಹಾಕಿದ ಮೇಲೆ ಮರಿ ಉಳಿಯಿತು. ಖರ್ಚು ಅದನ್ನು ಕೊಂಡ ಬೆಲೆಯ ಮೂರು ಪಟ್ಟು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂಬತ್ತನೇ ತಿಂಗಳಲ್ಲಿ ಅದೇ ನಾಯಿ ಆ ಹುಡುಗಿಯ ಕೈ ಕಚ್ಚಿತು. ಇವೆರಡೂ ಬೇರೆ ಬೇರೆ ದುರದೃಷ್ಟ ಅಂತ ಮನೆಯವರು ಅಂದುಕೊಂಡಿದ್ದರು. ಅಲ್ಲ. ಎರಡಕ್ಕೂ ಬೇರು ಒಂದೇ: ತಾಯಿಯ ಹತ್ತಿರ ಇರಬೇಕಾಗಿದ್ದ, ಆದರೆ ಇರದ ಆ ಮೂರು ವಾರ.

ಮೊದಲು ಹಲ್ಲಿನ ವಿಷಯ. ಇದನ್ನು ಕಲಿಯಲು ಎರಡು ನಿಮಿಷ ಸಾಕು, ಯಾವ ಲಸಿಕೆ ಕಾರ್ಡೂ ಇದರಷ್ಟು ನಿಜ ಹೇಳುವುದಿಲ್ಲ. ನಾಯಿಮರಿಗೆ ಒಟ್ಟು 28 ಹಾಲುಹಲ್ಲು. ಮುಂದೆ ಮೇಲೆ ಆರು, ಕೆಳಗೆ ಆರು ಸಣ್ಣ ಹಲ್ಲು, ನಾಲ್ಕು ಕೋರೆಹಲ್ಲು, ಕೋರೆಯ ಹಿಂದೆ ಪ್ರತಿ ಬದಿಗೆ ಮೇಲೆ ಮೂರು, ಕೆಳಗೆ ಮೂರು ದವಡೆಹಲ್ಲು. ಕೋರೆ ಮತ್ತು ಮುಂದಿನ ಹಲ್ಲು ಮೂರರಿಂದ ಆರು ವಾರದೊಳಗೆ ಬರುತ್ತವೆ. ದವಡೆಹಲ್ಲು ಕೊನೆಗೆ ಬರುವಂಥವು. ಎಂಟು ವಾರಕ್ಕೆ ಸಾಲು ಪೂರ್ತಿಯಾಗಿರುತ್ತದೆ. ಅಂದಮೇಲೆ ‘60 ದಿನ’ ಎಂದವರ ಮುಂದೆಯೇ ಮರಿಯ ತುಟಿಯನ್ನು ಪಕ್ಕಕ್ಕೆ ಸರಿಸಿ, ಕೋರೆಯ ಹಿಂದಿನ ವಸಡಿನ ಮೇಲೆ ಬೆರಳಾಡಿಸಿ. ಮೂರು ಹಲ್ಲು ಸಾಲಾಗಿ ಚುಚ್ಚಬೇಕು. ವಸಡು ನುಣ್ಣಗೆ ಸಿಕ್ಕರೆ, ಇಲ್ಲವೇ ಈಗಷ್ಟೇ ಒಡೆಯುತ್ತಿರುವ ಒಂದೆರಡು ಮೊನೆ ಮಾತ್ರ ತಗುಲಿದರೆ, ಆ ಮರಿಗೆ 60 ದಿನ ಆಗಿಲ್ಲ. ತೀರಾ ಸಣ್ಣ ತಳಿಗಳಲ್ಲಿ ಹಲ್ಲು ಸ್ವಲ್ಪ ತಡವಾಗಬಹುದು, ಆದರೆ ಮೂರು ವಾರದಷ್ಟಲ್ಲ. ತೂಕವನ್ನೂ ನೋಡಿ. ಎಂಟು ವಾರದ ಲ್ಯಾಬ್ರಡಾರ್ ಮರಿ ಸುಮಾರು 4ರಿಂದ 6 ಕೆ.ಜಿ. ತೂಗುತ್ತದೆ. ಆ ಮರಿ ಎರಡೂವರೆ ಕೆ.ಜಿ. ಇತ್ತು.

ಯಾಕೆ ಅಷ್ಟು ಎಳೆಯ ಮರಿ ಮಾರುತ್ತಾರೆ? ನಾಲ್ಕನೇ ವಾರದ ನಂತರ ಮರಿಗಳ ಊಟದ ಖರ್ಚು ಶುರು, ಆರನೇ ವಾರದಿಂದ ಲಸಿಕೆಯ ಖರ್ಚು. ಮೇಲಾಗಿ ಮರಿ ಸಣ್ಣದಿದ್ದಷ್ಟೂ ನೋಡಿದವರ ಮನಸ್ಸು ಕರಗುತ್ತದೆ. ಕೇಂದ್ರ ಸರ್ಕಾರದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಪತ್ರ ತೋರಿಸಿ ಅಂತ ಫೋನಿನಲ್ಲೇ ಕೇಳಿ. ಮಾತು ಬದಲಾಯಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಲಸಿಕೆ ಕಾರ್ಡ್ ಇದೆ ಅಂದರೆ ಸಾಲದು, ಓದಬೇಕು. ಪ್ರತಿ ಡೋಸ್‌ಗೆ ಸೀಸೆಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಇರಬೇಕು, ಅದರಲ್ಲಿ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಪಕ್ಕದಲ್ಲಿ ಕೊಟ್ಟ ದಿನಾಂಕ, ಪಶುವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ. ಆ ಮನೆಯ ಕಾರ್ಡಿನಲ್ಲಿ ಎರಡು ಸ್ಟಿಕ್ಕರ್ ಇದ್ದವು, ಸಹಿ ಇರಲಿಲ್ಲ, ಎರಡಕ್ಕೂ ಒಂದೇ ಪೆನ್ನು, ಒಂದೇ ಕೈಬರಹ. ನಿಜವಾಗಿ ಚುಚ್ಚಿದ್ದರೂ ಹೆಚ್ಚಿನ ಪ್ರಯೋಜನ ಇರುತ್ತಿರಲಿಲ್ಲ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯನ್ನೇ ಹೊಡೆದು ಹಾಕುತ್ತದೆ. ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ‘ಎರಡು ಇಂಜೆಕ್ಷನ್ ಆಗಿದೆ, ಇನ್ನು ಹೆದರಿಕೆ ಇಲ್ಲ’ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಪಾರ್ವೋ ವೈರಸ್ ಒಳಹೊಕ್ಕ ಮೇಲೆ ರೋಗ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಮನೆಗೆ ಬಂದ ಮೂರನೇ ದಿನಕ್ಕೆ ಮಲಗಿತು ಅಂದರೆ ಬಹುತೇಕ ಆ ರಟ್ಟಿನ ಪೆಟ್ಟಿಗೆಯಲ್ಲೋ ಅದಕ್ಕೂ ಮೊದಲೋ ತಗುಲಿತ್ತು. ಹಾಲು, ಅನ್ನದ ತಪ್ಪಲ್ಲ. ಮನೆಯವರು ಕಳೆದುಕೊಂಡದ್ದು ಬುಧವಾರದ ಬೆಳಗಿನಿಂದ ಗುರುವಾರದವರೆಗಿನ ಆ 24 ಗಂಟೆ. ಎಳೆಯ ಮರಿ ಒಂದು ಹೊತ್ತು ಊಟ ಬಿಟ್ಟು, ಮಂಕಾಗಿ, ವಾಂತಿಯನ್ನೂ ಮಾಡಿದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಒಯ್ಯಿರಿ. ಮನುಷ್ಯರ ಭೇದಿ ಮಾತ್ರೆ ಕೊಡಬೇಡಿ. ವಾಂತಿ ಮಾಡುತ್ತಿರುವ ಮರಿಗೆ ಬಾಯಿ ತೆರೆಸಿ ಗ್ಲೂಕೋಸ್ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನು ಮನೆ ತೊಳೆಯುವುದು. ಪಾರ್ವೋಗೆ ಫಿನಾಯಿಲ್ ಸಾಲದು. ಮೊದಲು ಸೋಪಿನಲ್ಲಿ ಹೊಲಸನ್ನೆಲ್ಲ ತೊಳೆದು ತೆಗೆಯಿರಿ. ನಂತರ ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಟ್ಟು ಒರೆಸಿ. ಕಿಟಕಿ ತೆರೆದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಅಂಗಳದ ಮಣ್ಣಿನಲ್ಲಿ, ಅದರಲ್ಲೂ ನೆರಳಿರುವ ಕಡೆ, ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿ ತೀರಿಹೋದ ಮನೆಗೆ ಮಕ್ಕಳ ಅಳು ನೋಡಲಾರದೆ ಮರುವಾರವೇ ಇನ್ನೊಂದು ಮರಿ ತಂದು ಅದನ್ನೂ ಕಳೆದುಕೊಂಡವರಿದ್ದಾರೆ.

ಈಗ ಕಚ್ಚಿದ ವಿಷಯಕ್ಕೆ ಬರೋಣ. ಐದರಿಂದ ಎಂಟನೇ ವಾರದವರೆಗೆ ಮರಿಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವೆ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ತಾಯಿ ಎದ್ದು ಹೋಗುತ್ತಾಳೆ. ಎಷ್ಟು ಬಿಗಿಯಾಗಿ ಹಲ್ಲೂರಿದರೆ ಆಟ ನಿಲ್ಲುತ್ತದೆ ಎಂಬುದನ್ನು ಮರಿ ಕಲಿಯುವುದು ಅಲ್ಲಿಯೇ. ಆ ಪಾಠ ತಪ್ಪಿದ ಮರಿ ಮನುಷ್ಯರ ಕೈಗೂ ಅಷ್ಟೇ ಬಿಗಿಯಾಗಿ ಬಾಯಿ ಹಾಕುತ್ತದೆ. ಈ ಮರಿ ಮೂರೂವರೆ ತಿಂಗಳಿಗೆ ಎಲ್ಲರ ಮೊಣಕೈ ತನಕ ಗೀರು ಮಾಡಿತ್ತು. ಮನೆಯವರು ಮೂಗಿನ ಮೇಲೆ ಹೊಡೆದರು, ಪೇಪರ್ ಸುರುಳಿಯಲ್ಲಿ ಬಡಿದರು. ಅದು ಇನ್ನಷ್ಟು ಕೆರಳಿತು. ಆಮೇಲೆ ಬಂದ ಟ್ರೇನರ್ ಕುತ್ತಿಗೆ ಬಿಗಿಯುವ ಸರಪಳಿ ಹಾಕಿಸಿ, ಗುರ್ ಎಂದಾಗಲೆಲ್ಲ ಜಗ್ಗಲು ಕಲಿಸಿದರು. ಹನ್ನೆರಡು ಕ್ಲಾಸಿನಲ್ಲಿ ಗುರುಗುಡುವುದು ನಿಂತೇ ಹೋಯಿತು. ಎಲ್ಲರಿಗೂ ಸಮಾಧಾನವಾಯಿತು.

ನಿಂತದ್ದು ಸಿಟ್ಟಲ್ಲ, ಮುನ್ಸೂಚನೆ. ನಾಯಿ ಗುರುಗುಡುವುದು ‘ದೂರ ಹೋಗು’ ಎನ್ನಲು. ಅದಕ್ಕೆ ಪೆಟ್ಟು ಬಿದ್ದರೆ ಅದು ಆ ಮಾತು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಕಚ್ಚಿದ ದಿನ ನಾಯಿ ಮಂಚದ ಕೆಳಗೆ ಎಲುಬು ಹಿಡಿದು ಮಲಗಿತ್ತು. ಹುಡುಗಿ ಚೆಂಡು ತೆಗೆಯಲು ಬಗ್ಗಿ ಕೈ ಚಾಚಿದಳು. ನಾಯಿ ಅಗಿಯುವುದನ್ನು ನಿಲ್ಲಿಸಿತು. ಬಾಯಿ ಮುಚ್ಚಿತು. ತಲೆ ಎಲುಬಿನ ಮೇಲೆಯೇ ಇತ್ತು, ಕಣ್ಣು ಮಾತ್ರ ಪಕ್ಕಕ್ಕೆ ತಿರುಗಿ ಬಿಳಿ ಕಾಣುತ್ತಿತ್ತು. ಬಾಲ ಅಲ್ಲಾಡಲಿಲ್ಲ. ಎರಡು ಸೆಕೆಂಡು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಇದನ್ನೆಲ್ಲ ನೋಡಿದರು, ಆದರೆ ಸದ್ದೇ ಇರಲಿಲ್ಲವಲ್ಲ, ಏನೂ ಆಗದು ಅಂದುಕೊಂಡರು. ನಿಮ್ಮ ನಾಯಿ ಹೀಗೆ ಇದ್ದಕ್ಕಿದ್ದಂತೆ ಕಲ್ಲಿನಂತೆ ಸ್ತಬ್ಧವಾದರೆ ಮಗುವನ್ನು ಮೆಲ್ಲಗೆ ಹಿಂದಕ್ಕೆ ಕರೆಯಿರಿ. ಪದೇ ಪದೇ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಅಪ್ಪಿಕೊಂಡಾಗ ಮುಖ ತಿರುಗಿಸುವುದು ಇವೆಲ್ಲ ಅದಕ್ಕೂ ಮೊದಲಿನ ಸೂಚನೆಗಳು.

ಕಚ್ಚಿದ ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಲಸಿಕೆ ಮುಗಿಯದ ಮರಿಯ ಹಲ್ಲಿನ ಗೀರು ರಕ್ತ ಬರಿಸಿದರೂ ಇದೇ ಕ್ರಮ. ‘ಮರಿ ತಾನೇ’ ಅನ್ನಬೇಡಿ, ತಾಯಿ ಯಾವುದೆಂದೇ ಗೊತ್ತಿಲ್ಲದ ಮರಿಗೂ ರೇಬೀಸ್ ಇರಬಹುದು.

ಹಾಗಾದರೆ ಮರಿಯ ಬಾಯಿಯನ್ನು ಹದಕ್ಕೆ ತರುವುದು ಹೇಗೆ? ಹಲ್ಲು ಬಿಗಿಯಾಗಿ ತಾಗಿದ ಕ್ಷಣ ಆಟ ನಿಲ್ಲಿಸಿ, ಕೈ ಜಗ್ಗದೆ ಸಡಿಲ ಬಿಟ್ಟು, ಎದ್ದು ನಿಂತು 20–30 ಸೆಕೆಂಡು ಅದರತ್ತ ನೋಡದೆ ಇರಿ. ಆಮೇಲೆ ಬಟ್ಟೆಯ ಗಂಟನ್ನೋ ಹಗ್ಗವನ್ನೋ ಬಾಯಿಗೆ ಕೊಟ್ಟು ಆಟ ಮುಂದುವರಿಸಿ. ಮನೆಯಲ್ಲಿ ಒಬ್ಬರು ಹೀಗೆ, ಇನ್ನೊಬ್ಬರು ಕೈಯನ್ನೇ ಕಚ್ಚಲು ಕೊಟ್ಟು ನಗುತ್ತಾ ಕೂತರೆ ಮರಿ ಏನನ್ನೂ ಕಲಿಯದು. ಸಂಜೆ ಏಳರ ಹೊತ್ತಿಗೆ ಹುಚ್ಚೆದ್ದಂತೆ ಕಚ್ಚುವ ಮರಿಗೆ ಹೆಚ್ಚಿನ ಸಲ ಬೇಕಿರುವುದು ನಿದ್ದೆ. ದಿನಕ್ಕೆ 18 ಗಂಟೆಯಷ್ಟು ಅದು ಮಲಗಬೇಕು, ಮಕ್ಕಳಿರುವ ಮನೆಯಲ್ಲಿ ಅಷ್ಟು ಮಲಗಲು ಬಿಡುವವರು ಕಡಿಮೆ.

ಮಾತು ಒಂದೇ ಇರಲಿ. ಅಪ್ಪ ‘ಸಿಟ್’, ಅಜ್ಜಿ ‘ಕೂತ್ಕೋ’, ಟ್ರೇನರ್ ‘ಬೈಠ್’ ಎಂದರೆ ಮರಿಗೆ ಅದು ಮೂರು ಬೇರೆ ಪದ. ‘ಕೂತ್ಕೋ’ ಎಂದು ತೀರ್ಮಾನಿಸಿ ಫ್ರಿಜ್ ಮೇಲೆ ಬರೆದು ಅಂಟಿಸಿ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಬಹುಮಾನ ಕಡಲೆಬೀಜದ ಅರ್ಧದಷ್ಟು ಬೇಯಿಸಿದ ಕೋಳಿ ಚೂರು ಅಥವಾ ಪನೀರ್, ಕೂತ ಒಂದು ಸೆಕೆಂಡಿನೊಳಗೆ ಬಾಯಿಗೆ ಬೀಳಬೇಕು. ಊಟದ ತಟ್ಟೆಯ ಹತ್ತಿರ ಯಾರನ್ನೂ ಬಿಡದೆ ಕಾಯುವ ಬುದ್ಧಿ ಬಾರದಿರಲು, ಉಣ್ಣುವಾಗ ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾಡಬೇಡಿ. ಪಕ್ಕದಲ್ಲಿ ಹಾದುಹೋಗುತ್ತಾ ಇನ್ನೂ ರುಚಿಯಾದ ಚೂರೊಂದನ್ನು ಅದರೊಳಗೆ ಹಾಕಿ ಮುಂದೆ ಹೋಗಿ. ಟ್ರೇನರ್ ಬೇಕೆಂದರೆ ಒಂದೇ ಪ್ರಶ್ನೆ ಕೇಳಿ: ‘ನಾಯಿ ತಪ್ಪು ಮಾಡಿದರೆ ನೀವು ಏನು ಮಾಡ್ತೀರಿ?’ ಉತ್ತರದಲ್ಲಿ ಜಗ್ಗುವುದು, ಹೊಡೆಯುವುದು ಬಂದರೆ, ಅಥವಾ ‘ಒಂದು ತಿಂಗಳು ನಮ್ಮಲ್ಲೇ ಬಿಡಿ’ ಎಂದರೆ ಬೇಡ.

ಎಳೆಯ ಮರಿಯೇ ಬೇಕೆಂಬ ಹಟವನ್ನೂ ಇನ್ನೊಮ್ಮೆ ಯೋಚಿಸಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ಮಕ್ಕಳ ಜೊತೆ ಹೇಗಿರುತ್ತದೆಂದು ಆಗಲೇ ಗೊತ್ತಿರುವ ಒಂದೂವರೆ, ಎರಡು ವರ್ಷದ ದೇಸಿ ನಾಯಿಯನ್ನು ದತ್ತು ತೆಗೆದುಕೊಳ್ಳುವುದೇ ಹೆಚ್ಚು ಕ್ಷೇಮ. ಮುಧೋಳ ಚೆಂದದ ನಾಯಿ, ನಮ್ಮದೇ ನೆಲದ್ದು, ಆದರೆ ಓಡಲು ಜಾಗವಿಲ್ಲದ ಎರಡು ಕೋಣೆಯ ಫ್ಲ್ಯಾಟಿಗೆ ತಂದರೆ ಅದಕ್ಕೂ ಹಿಂಸೆ, ನಿಮಗೂ ಹಿಂಸೆ. ಹಿಮದ ನಾಡಿನ ತಳಿಯಾದ ಹಸ್ಕಿಯ ದಪ್ಪ ತುಪ್ಪಳ ರಾಯಚೂರಿನ ಬಿಸಿಲಿಗೆ ಮಾಡಿದ್ದಲ್ಲ.

ಈಗಾಗಲೇ ಹಲ್ಲು ತುಂಬದ ಮರಿಯನ್ನು ತಂದುಬಿಟ್ಟಿದ್ದರೆ ಇವತ್ತೇ ಪಶುವೈದ್ಯರ ಬಳಿ ಒಯ್ದು ವಯಸ್ಸು ಬರೆಸಿ, ಲಸಿಕೆಯನ್ನು ಮೊದಲಿನಿಂದ ಶುರು ಮಾಡಿಸಿ, ಎರಡು ವಾರಕ್ಕೊಮ್ಮೆ ಜಂತಿನ ಔಷಧಿ ಹಾಕಿಸಿ. ಹಸುವಿನ ಹಾಲು ಬೇಡ. ನೆನೆಸಿ ಮೆತ್ತಗೆ ಮಾಡಿದ ಮರಿಗಳ ಆಹಾರವನ್ನು ದಿನಕ್ಕೆ ನಾಲ್ಕು ಹೊತ್ತು ಕೊಡಿ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಯ ನೆಲಕ್ಕೆ ಬಿಡಬೇಡಿ, ಆದರೆ ಹೆಗಲ ಮೇಲೆ ಹೊತ್ತು ಆಟೋ, ಸ್ಕೂಟರ್, ಮಳೆ, ಟೋಪಿ ಹಾಕಿದವರು, ಕೋಲು ಹಿಡಿದ ಅಜ್ಜ ಎಲ್ಲವನ್ನೂ ತೋರಿಸಿ. ಲೋಕವನ್ನು ಹೆದರದೆ ಒಪ್ಪಿಕೊಳ್ಳುವ ಬಾಗಿಲು 12ರಿಂದ 14 ವಾರಕ್ಕೆ ಮುಚ್ಚುತ್ತಾ ಬರುತ್ತದೆ. ಸಂಬಂಧಿಕರಲ್ಲೋ ಪಕ್ಕದ ಮನೆಯಲ್ಲೋ ಲಸಿಕೆ ಆದ, ಸಾಧು ಸ್ವಭಾವದ ದೊಡ್ಡ ನಾಯಿ ಇದ್ದರೆ, ಪಶುವೈದ್ಯರನ್ನು ಕೇಳಿಕೊಂಡು, ವಾರಕ್ಕೆ ಎರಡು ಮೂರು ಸಲ ಅರ್ಧ ಗಂಟೆ ಅದರ ಜೊತೆ ಆಡಲು ಬಿಡಿ. ಹಲ್ಲು ಎಷ್ಟು ಊರಬೇಕು ಎಂದು ತಾಯಿ ಕಲಿಸದೆ ಬಿಟ್ಟದ್ದನ್ನು ಆ ನಾಯಿ ನಿಮಗಿಂತ ಚೆನ್ನಾಗಿ ಕಲಿಸುತ್ತದೆ.