ವೈಸ್ ಒಂದು, ಬೇರು ಮೂರು: ಆ್ಯಪ್‌ಗಿಂತ ದಪ್ಪ ನಿಘಂಟೇ ನನಗಿಷ್ಟ

ವರ್ಷದ ಚಂದಾ ಕಟ್ಟಿ ಇಂಗ್ಲಿಷ್ ನಿಘಂಟಿನ ಆ್ಯಪ್ ಒಂದನ್ನು ಹಾಕಿಕೊಂಡಿದ್ದೆ. ಮೂರೇ ತಿಂಗಳಿಗೆ ಅದನ್ನು ಪಕ್ಕಕ್ಕಿಟ್ಟು, ಹಿಂದೆಂದೋ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ ಪದಗಳ ಮೂಲ ಹೇಳುವ ದಪ್ಪ ವ್ಯುತ್ಪತ್ತಿ ಕೋಶವನ್ನು ಮತ್ತೆ ಮೇಜಿಗೆ ತಂದೆ. ಕಾರಣ ಒಂದೇ ಪದ: ವೈಸ್.

ಅನುವಾದವೊಂದಕ್ಕೆ ದುರ್ಗುಣ ಎಂಬರ್ಥದ ವೈಸ್‌ನ ಮೂಲ ಬೇಕಿತ್ತು. ಆ್ಯಪ್‌ನಲ್ಲಿ ದುರ್ಗುಣ, ಉಪಾಧ್ಯಕ್ಷ ಎನ್ನುವ ವೈಸ್ ಪ್ರೆಸಿಡೆಂಟ್‌ನಲ್ಲಿನ ವೈಸ್, ವರ್ಕ್‌ಶಾಪಿನಲ್ಲಿ ವಸ್ತುಗಳನ್ನು ಸ್ಕ್ರೂ ತಿರುಗಿಸಿ ಬಿಗಿಹಿಡಿಯುವ ಬೆಂಚ್ ವೈಸ್ ಎಲ್ಲವೂ ಒಂದೇ ನಮೂದಿನಲ್ಲಿದ್ದವು. ಕೊನೆಗೆ ಒಂದೇ ಸಾಲು: 'ಕೊರತೆ' ಎಂಬರ್ಥದ ಲ್ಯಾಟಿನ್‌ನ ವಿಟಿಯಮ್‌ನಿಂದ ಬಂದದ್ದು. ನಂಬಿಬಿಟ್ಟೆ. ಉಪಾಧ್ಯಕ್ಷ ಎಂಬ ಮಾತಿನಲ್ಲೂ 'ಕೊರತೆ' ಅಡಗಿದೆ ಎಂದು ಅಡಿಟಿಪ್ಪಣಿ ಬರೆದೆ. ಕರಡು ಓದಿದ ಗೆಳೆಯರೊಬ್ಬರು ತಡೆಯದಿದ್ದರೆ ಆ ತಪ್ಪು ಅಚ್ಚಾಗುತ್ತಿತ್ತು.

ಕೋಶದಲ್ಲಿ ವೈಸ್‌ಗೆ ಮೂರು ನಮೂದುಗಳಿವೆ. ಉಪಾಧ್ಯಕ್ಷರ ವೈಸ್ ಬಂದದ್ದು 'ಬದಲಿಗೆ' ಎಂಬರ್ಥದ ವಿಕೆಯಿಂದ. ವೈಸ್ ವರ್ಸಾ ಕೂಡ ಅದರ ಬಳಗ. ಬೆಂಚ್ ವೈಸ್‌ನ ಮೂಲ ವಿಟಿಸ್, ಅಂದರೆ ದ್ರಾಕ್ಷಿ ಬಳ್ಳಿ. ಬಳ್ಳಿಯ ಕುಡಿ ಸುತ್ತಿಕೊಳ್ಳುವ ಹಾಗೆ ತಿರುಗುವ ಸ್ಕ್ರೂಗೆ ಫ್ರೆಂಚರು ಆ ಹೆಸರಿಟ್ಟರು. ಅಮೆರಿಕದಲ್ಲಿ ಇದರ ಕಾಗುಣಿತವೂ ಬೇರೆ.

ದುರ್ಗುಣದ ವೈಸ್ ಮಾತ್ರ ವಿಟಿಯಮ್‌ನದು. ಅದರ ಅರ್ಥ ನಮ್ಮ 'ದೋಷ'ಕ್ಕೆ ತೀರಾ ಹತ್ತಿರ. ರೋಮನ್ನರು ದೇಹದ ಊನಕ್ಕೂ ಶಕುನ ನೋಡುವಾಗಿನ ಲೋಪಕ್ಕೂ ಇದೇ ಪದ ಬಳಸುತ್ತಿದ್ದರು. ಹಾಗೆ ಶಕುನ ತಪ್ಪಿ ಆಯ್ಕೆಯಾದವರು ಅಧಿಕಾರ ಬಿಡಬೇಕಾಗುತ್ತಿತ್ತು. ಇದು ತಿಳಿದ ಮೇಲೆ ಇದೇ ಬೇರಿನ ವಿಶಿಯಸ್ ಸರ್ಕಲ್‌ನ ಗಂಟೂ ಬಿಚ್ಚಿತು. ನಾವು ವಿಷವರ್ತುಲ ಎನ್ನುತ್ತೇವೆ, ಆದರೆ ಮೂಲದಲ್ಲಿ ವಿಷವೂ ಇಲ್ಲ, ಕ್ರೌರ್ಯವೂ ಇಲ್ಲ. ಅದು ತರ್ಕದ ದೋಷ. ನನ್ನ ಅನುವಾದದ ಸಂದರ್ಭವೂ ತರ್ಕದ್ದೇ ಆಗಿದ್ದರಿಂದ 'ಅನ್ಯೋನ್ಯಾಶ್ರಯ ದೋಷ', ಅಂದರೆ ಒಂದಕ್ಕೊಂದು ಆಧಾರವಾಗಿ ನಿಲ್ಲುವ ವಾದದ ದೋಷ, ಎಂದು ತಿದ್ದಿದೆ. ಆ ವಾಕ್ಯ ಈಗ ನೆಟ್ಟಗೆ ಕೂತಿದೆ.

ಆದರೆ ನೀತಿಗೇಡು ಎಂಬರ್ಥದ ಡಿಪ್ರಾವಿಟಿಗೆ 'ಸೊಟ್ಟ' ಎಂಬ ಲ್ಯಾಟಿನ್‌ನ ಪ್ರಾವುಸ್ ಮೂಲ, ನೀಚತನ ಎಂಬರ್ಥದ ಟರ್ಪಿಟ್ಯೂಡ್‌ಗೆ 'ಕುರೂಪ' ಎಂಬ ಟರ್ಪಿಸ್ ಮೂಲ: ಇವೆರಡನ್ನೂ ಆ್ಯಪ್ ಸರಿಯಾಗಿಯೇ ಕೊಟ್ಟಿತ್ತು.

ಉಚ್ಚಾರಣೆ ಕೇಳಲು ಆ್ಯಪ್ ಚೆನ್ನ. ಪ್ರಯಾಣದಲ್ಲಿ ಕೋಶ ಹೊರುವುದಂತೂ ಆಗದ ಮಾತು. ಅರ್ಥವಷ್ಟೇ ಬೇಕೆನ್ನುವವರಿಗೆ ಆ್ಯಪ್ ಸಾಕು. ನಾನು ಮೇಜಿನ ಮುಂದೆ ಕೂತು, ಹುಡುಕಿದ ಪದದ ಅಕ್ಕಪಕ್ಕದ ನಾಲ್ಕು ಪದ ಓದುವವಳು. ಪ್ರತಿವರ್ಷ ದುಡ್ಡು ಕಟ್ಟುವುದೂ ನನಗೆ ಭಾರ. ಈ ಸಲ ಚಂದಾ ಮುಗಿದ ಮೇಲೆ ಮತ್ತೆ ಕಟ್ಟುವುದಿಲ್ಲ.